ಹಳೇ ಕ್ಷೌರದ ಕತ್ತಿ: ಕಪ್ಪಾದದ್ದೋ, ಹೊಳೆಯುವುದೋ?

ಬೆಳಗಾವಿಯ ಹಳೇ ಸಾಮಾನಿನ ಅಂಗಡಿಯಲ್ಲಿ ನಿಮ್ಮ ಮುಂದೆ ಎರಡು ಕ್ಷೌರದ ಕತ್ತಿ ಇವೆ ಅಂದುಕೊಳ್ಳಿ. ಒಂದರ ಹಿಡಿ ಸೀಳಿದೆ, ಅಲಗು ಕಪ್ಪಾಗಿದೆ. ಇನ್ನೊಂದು ಪಾಲಿಶ್ ಆಗಿ ಫಳಫಳ ಹೊಳೆಯುತ್ತಿದೆ. ಮೊದಲ ಸಲ ರಿಪೇರಿಗೆ ಕೂರುವವರ ಕೈ ಹೊಳೆಯುವುದಕ್ಕೇ ಹೋಗುತ್ತದೆ, ಅಲ್ವಾ? ನಾನಾದರೆ ಕಪ್ಪಾದದ್ದನ್ನು ಮೊದಲು ನೋಡುತ್ತೇನೆ.

ಬೆಳಕಿಗೆ ಹಿಡಿದು ಅಲಗಿನ ಬಾಯಿ ನೋಡಿ. ಅದು ನೆಟ್ಟಗಿದ್ದು ಕುಳಿ ಇಲ್ಲದಿದ್ದರೆ ಮೇಲಿನ ಕಪ್ಪು ಸಾಮಾನ್ಯವಾಗಿ ಬರೀ ಕಲೆ. ನಯವಾದ ವಾಟರ್ ಪೇಪರಿಗೆ (ಒದ್ದೆ ಮಾಡಿ ಉಜ್ಜುವ ಮರಳು ಕಾಗದ) ಎಣ್ಣೆ ಹಚ್ಚಿ, ಬೆನ್ನಿನ ಕಡೆಯಿಂದ ಸಮಾಧಾನವಾಗಿ ಉಜ್ಜಿದರೆ ಬಹಳಷ್ಟು ಬಿಡುತ್ತದೆ. ಹಿಡಿ ಬೇರೆ ಹಾಕಿಸಬಹುದು. ಹೊಳೆಯುವ ಕತ್ತಿಯ ಬಾಯಿಯಲ್ಲಿ ಸೂಜಿಮೊನೆಯಷ್ಟು ಕುಳಿ ಕಂಡರೂ ಸುಮ್ನೆ ಬಿಟ್ಟುಬಿಡಿ. ಅಲ್ಲಿ ತುಕ್ಕು ಒಳಗೆ ತಿಂದಿದೆ. ಮಸೆಯುವಾಗ ಅಲ್ಲೇ ಚೂರು ಉದುರುತ್ತದೆ. ಪಾಲಿಶ್ ಮಾಡಲು ಮೋಟಾರ್ ಚಕ್ರಕ್ಕೆ ಜಾಸ್ತಿ ಹೊತ್ತು ಹಿಡಿದಿದ್ದರೆ ಬಿಸಿಗೆ ಉಕ್ಕಿನ ಹದವೂ, ಅಂದರೆ ಗಟ್ಟಿತನವೂ, ಹೋಗಿರಬಹುದು. ಆ ಹದ ಮನೆಯಲ್ಲಿ ವಾಪಸ್ ಬರುವುದಿಲ್ಲ.

ಮಸೆಯುವ ಕಲ್ಲು 1000 ನಂಬರಿನಿಂದ ಶುರುವಾಗಿ 8000ದವರೆಗಾದರೂ ಹೋಗಲಿ; ನಂಬರ್ ಹೆಚ್ಚಿದಷ್ಟೂ ಕಲ್ಲು ನಯ. ಬೆನ್ನು, ಬಾಯಿ ಎರಡೂ ಕಲ್ಲಿಗೆ ತಾಗಿರಬೇಕು. ಆಮೇಲೆ ಚರ್ಮದ ಪಟ್ಟಿ. ಅಲ್ಲಿ ಎಳೆಯುವಾಗ ಬೆನ್ನು ಮುಂದೆ, ಬಾಯಿ ಹಿಂದೆ. ನಮ್ಮೂರ ಮಳೆಗಾಲದಲ್ಲಿ ಒರೆಸಿ ಎಣ್ಣೆ ಹಚ್ಚದೆ ಇಟ್ಟರೆ ಬೆಳಗಾಗುವಷ್ಟರಲ್ಲಿ ಕೆಂಪು ಚುಕ್ಕಿ ಬಂದಿರುತ್ತದೆ.