ಕಳೆಯುವ ಲೆಕ್ಕಕ್ಕೆ ಐಸ್‌ಕ್ರೀಮ್ ಕಡ್ಡಿಯೋ, ಪ್ಲಾಸ್ಟಿಕ್ ಬ್ಲಾಕೋ, ಅಬಾಕಸ್ಸೋ?

ಎರಡನೇ, ಮೂರನೇ ಕ್ಲಾಸಿನ ಮಕ್ಕಳಿಗೆ ಮನೆಯಲ್ಲಿ ಲೆಕ್ಕ ಹೇಳಿಕೊಡುವವರು ಐಸ್‌ಕ್ರೀಮ್ ಕಡ್ಡಿ ತನ್ನಿ, ಜೊತೆಗೆ ಒಂದಷ್ಟು ರಬ್ಬರ್ ಬ್ಯಾಂಡ್. ನೂರು ಕಡ್ಡಿಯ ಪ್ಯಾಕೆಟ್ ನಮ್ಮ ಬೀದಿಯ ಸ್ಟೇಷನರಿ ಅಂಗಡಿಯಲ್ಲಿ 60 ರೂಪಾಯಿಗೆ ಸಿಕ್ಕಿತು. ಅದಕ್ಕೂ ಮುಂಚೆ 650 ರೂಪಾಯಿ ಕೊಟ್ಟು ಆನ್‌ಲೈನಿನಲ್ಲಿ ತರಿಸಿದ ಪ್ಲಾಸ್ಟಿಕ್ ಬ್ಲಾಕ್ ಸೆಟ್ ಈಗ ಬೀರುವಿನ ತಲೆಯ ಮೇಲಿದೆ. ಅಕ್ಕಪಕ್ಕದ ಮಕ್ಕಳೆಲ್ಲ ಹೋಗುವ ಅಬಾಕಸ್ ಕ್ಲಾಸಿಗೂ ಮಗಳನ್ನು ಸ್ವಲ್ಪ ಕಾಲ ಕಳಿಸಿ ನೋಡಿದ್ದಾಯಿತು.

ಬ್ಲಾಕಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಪುಟ್ಟ ಘನ ಅಂದರೆ ಬಿಡಿ, ಹತ್ತು ಘನದಷ್ಟು ಉದ್ದದ ಪಟ್ಟಿ ಅಂದರೆ ಹತ್ತು, ಹತ್ತು ಪಟ್ಟಿಯಷ್ಟು ಅಗಲದ ಹಲಗೆ ಅಂದರೆ ನೂರು. ಕೂಡುವ ಲೆಕ್ಕ ಅದರಲ್ಲಿ ಸರಾಗವಾಗಿ ಸಾಗಿತು. ಸಾಲ ತೆಗೆದುಕೊಂಡು ಕಳೆಯುವ ಲೆಕ್ಕ ಬಂದಾಗ ಗಾಡಿ ನಿಂತಿತು.

42ರಲ್ಲಿ 17 ಕಳೆಯಬೇಕು. ಮಗಳು ನಾಲ್ಕು ಪಟ್ಟಿ, ಎರಡು ಬಿಡಿ ಇಟ್ಟಳು. ಎರಡರಲ್ಲಿ ಏಳು ಹೋಗುವುದಿಲ್ಲ, ಒಂದು ಪಟ್ಟಿ ಒಡೆಯಬೇಕು. ಆದರೆ ಪಟ್ಟಿ ಒಡೆಯುವುದಿಲ್ಲ, ಅದು ಅಚ್ಚಿನಲ್ಲಿ ಎರಕ ಹೊಯ್ದ ಒಂದೇ ತುಂಡು. ಪಟ್ಟಿಯನ್ನು ಡಬ್ಬಕ್ಕೆ ಹಾಕಿ ಹತ್ತು ಬಿಡಿ ತೆಗೆದುಕೋ ಅಂದೆ, ಅಂಗಡಿಯಲ್ಲಿ ಹತ್ತರ ನೋಟು ಕೊಟ್ಟು ಚಿಲ್ಲರೆ ತಂದ ಹಾಗೆ. ಅವಳಿಗೆ ಅದು ಬೇಡವಾಗಿತ್ತು. ಪಟ್ಟಿಯ ಮೇಲಿನ ಏಳು ಗೆರೆಮನೆಗಳನ್ನು ಬೆರಳಿನಲ್ಲಿ ಮುಚ್ಚಿ, ಉಳಿದ ಮೂರಕ್ಕೆ ಆಚೆಯ ಎರಡು ಸೇರಿಸಿ ಐದು ಅಂದಳು. ಜಾಣತನವೇ! ಆದರೆ ಕೈ ತೆಗೆದರೆ ಕಣ್ಣ ಮುಂದೆ ಇನ್ನೂ ನಾಲ್ಕು ಪಟ್ಟಿ. ನಾಲ್ಕರಲ್ಲಿ ಒಂದು ಹೋದರೆ ಮೂರು, ಉತ್ತರ 35. ಮರುದಿನವೂ ಹೀಗೇ, ಬೇರೆ ಲೆಕ್ಕಕ್ಕೂ ಹೀಗೇ. ನೋಟ್‌ಬುಕ್ಕಿನಲ್ಲಿ 4 ಹೊಡೆದು 3 ಬರೆಯುವುದು ಟೀಚರ್ ಹೇಳಿಕೊಟ್ಟ ಶಾಸ್ತ್ರ, ನೆಲದ ಮೇಲಿನ ಪಟ್ಟಿಗಳಿಗೂ ಅದಕ್ಕೂ ಸಂಬಂಧವೇ ಇಲ್ಲ ಎಂಬಂತಿತ್ತು.

ಈ ಬ್ಲಾಕುಗಳನ್ನು ತರಗತಿಗೆ ತಂದು ಹೆಸರಾದವರು ಹಂಗೇರಿಯಲ್ಲಿ ಹುಟ್ಟಿದ ಗಣಿತಜ್ಞ ಝೋಲ್ಟಾನ್ ಡೀನ್ಸ್. ಅವರ ಸೆಟ್‌ಗಳಲ್ಲಿ ಹತ್ತರದ್ದಷ್ಟೇ ಅಲ್ಲ, ಮೂರರ, ನಾಲ್ಕರ ಗುಂಪಿನ ಬ್ಲಾಕುಗಳೂ ಇದ್ದವು. ಗುಂಪು ಚಿಕ್ಕದಾದಷ್ಟೂ ಬದಲಾಯಿಸಿಕೊಳ್ಳುವ ಸಂದರ್ಭ ಹೆಚ್ಚು. ಅಂದರೆ ಚಿಲ್ಲರೆ ವ್ಯವಹಾರವೇ ಆ ಆಟದ ಜೀವ. ನಮ್ಮ ಸರ್ಕಾರಿ ಶಾಲೆಗಳಿಗೆ ಅಕ್ಷರ ಫೌಂಡೇಶನ್ ಎಂಬ ಸ್ವಯಂಸೇವಾ ಸಂಸ್ಥೆಯ ಗಣಿತ ಕಲಿಕಾ ಆಂದೋಲನದ ಮೂಲಕ ಬಂದ ಕಿಟ್‌ನಲ್ಲೂ ಇಂಥ ಬ್ಲಾಕುಗಳಿವೆ. ಅಲ್ಲಿ ನಾಲ್ಕು, ಐದನೇ ಕ್ಲಾಸಿನ ಮಕ್ಕಳು ಗುಂಪಾಗಿ ಕೂರುತ್ತಾರೆ, ಒಬ್ಬರು ಅಂಗಡಿಯವರಾಗಬಹುದು. ಮನೆಯಲ್ಲಿ ಒಂದೇ ಮಗು, ಅಂಗಡಿಯವಳು ನಾನೇ, ಒಲೆಯ ಮೇಲೆ ಸಾರು ಬೇರೆ.

ಕಡ್ಡಿಯಲ್ಲಿ ಈ ರಗಳೆಯೇ ಇಲ್ಲ. ಹತ್ತು ಕಡ್ಡಿ ಎಣಿಸಿ ಕಟ್ಟು ಕಟ್ಟಿದವಳು ಅವಳೇ, ಬಿಚ್ಚುವವಳೂ ಅವಳೇ. ರಬ್ಬರ್ ಬ್ಯಾಂಡ್ ತೆಗೆದ ಕ್ಷಣ ಆ ಕಟ್ಟು ಕಟ್ಟಾಗಿ ಉಳಿಯುವುದಿಲ್ಲ, ಮೂರು ಕಟ್ಟು, ಹನ್ನೆರಡು ಬಿಡಿ ಕಡ್ಡಿ ಎದುರಿಗಿರುತ್ತವೆ. 4 ಹೊಡೆದು 3, ಎರಡರ ತಲೆಯ ಮೇಲೆ 12, ನಾನು ಹೇಳದೆಯೇ ಬರೆದಳು. ಕಡ್ಡಿ ಪೊರಕೆಯ ಕಡ್ಡಿಗಳನ್ನೂ ಮುರಿದು ನೋಡಿದ್ದೆ. ಪುಕ್ಕಟೆ ನಿಜ, ಆದರೆ ಸಿಬಿರು ಚುಚ್ಚುತ್ತದೆ.

ಒಂದಕ್ಕೊಂದು ಸಿಕ್ಕಿಸುವ ಘನಗಳೂ ಸಿಗುತ್ತವೆ, ಅವನ್ನು ಬಿಡಿಸಬಹುದು. ಗೆಳತಿಯ ಮನೆಯಲ್ಲಿ ನೋಡಿದ ಸೆಟ್ ಎಷ್ಟು ಬಿಗಿ ಅಂದರೆ ನನ್ನ ಉಗುರೇ ಮುರಿಯಿತು.

ಅಬಾಕಸ್ ಕ್ಲಾಸಿನಲ್ಲಿ ವೇಗ ಬರುತ್ತದೆ, ಅದನ್ನು ಅಲ್ಲಗಳೆಯಲಾರೆ. ಪಕ್ಕದ ಮನೆಯ ಹುಡುಗ ನಾನು ಪೆನ್ ಹುಡುಕುವಷ್ಟರಲ್ಲಿ ಉತ್ತರ ಹೇಳುತ್ತಾನೆ. ಆದರೆ ಅಲ್ಲಿ ಹತ್ತರ ಮಣಿಗೂ ಬಿಡಿಯ ಮಣಿಗೂ ನೋಡಲು ವ್ಯತ್ಯಾಸವಿಲ್ಲ, ಯಾವ ಸರಳಿನಲ್ಲಿದೆ ಎನ್ನುವುದೊಂದೇ ಗುರುತು. ಮೇಲಿನ ಮಣಿಯ ಬೆಲೆ ಐದು, ಕೆಳಗಿನವುಗಳದ್ದು ಒಂದೊಂದು. ನಾಲ್ಕಕ್ಕೆ ಮೂರು ಸೇರಿಸಲು ಐದು ಹಾಕಿ ಎರಡು ತೆಗೆ, ಇಂಥ ಸೂತ್ರಗಳ ಸಾಲೇ ಇದೆ. ಸ್ಥಾನಬೆಲೆ ಗೊತ್ತಿದ್ದ ಮಗುವಿಗೆ ಇದು ಚೆನ್ನ, ಗೊತ್ತಿಲ್ಲದ ನನ್ನ ಮಗಳಿಗೆ ಮತ್ತೊಂದು ಬಾಯಿಪಾಠವಾಯಿತು. ತಿಂಗಳ ಫೀಸು, ಕರೆದುಕೊಂಡು ಹೋಗಿ ಬರುವ ಓಡಾಟ ಬೇರೆ.

ಹಾವು ಏಣಿ ಆಡಿಸಿದರೆ ನೂರರವರೆಗೆ ಬರುತ್ತದೆ ಅನ್ನುತ್ತಾರೆ. ಎಣಿಕೆ ಬರುತ್ತದೆ. ಆದರೆ ಆ ಹಲಗೆಯಲ್ಲಿ ಸಾಲು ಹೊರಳಿ ಬರುವುದರಿಂದ 3ರ ನೆತ್ತಿಯ ಮೇಲೆ 13 ಇರುವುದಿಲ್ಲ, 18 ಇರುತ್ತದೆ. ಹತ್ತು ಕೂಡುವುದನ್ನು ಕಲಿಸಲು ನಾನಂತೂ ಅದನ್ನು ಬಳಸುವುದಿಲ್ಲ. ಚೌಕಾಬಾರ ಅಜ್ಜಿಯ ಜೊತೆಗೆ, ಅದನ್ನು ಲೆಕ್ಕದ ಪಾಠ ಮಾಡಿ ಕೆಡಿಸಬಾರದು.

ಬ್ಲಾಕ್ ಸೆಟ್ಟನ್ನು ಮಾರುವ ಯೋಚನೆಯಿಲ್ಲ. 12ನ್ನು 13ರಿಂದ ಗುಣಿಸುವಾಗ ಒಂದು ಹಲಗೆ, ಐದು ಪಟ್ಟಿ, ಆರು ಬಿಡಿ ಸೇರಿ ಚೊಕ್ಕ ಆಯತವಾಗಿ 156 ಕಾಣುತ್ತದೆ, ಕಡ್ಡಿಯಲ್ಲಿ ಅದು ಸಾಧ್ಯವಿಲ್ಲ. ನಾಲ್ಕನೇ ಕ್ಲಾಸಿಗೆ ಇಳಿಸುತ್ತೇನೆ. ಅಂಬೆಗಾಲಿಡುವ ಮಗ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಾನೆ, ಅಲ್ಲಿಯವರೆಗೆ ಆ ಪುಟ್ಟ ಘನಗಳು ಮೇಲಿದ್ದರೇ ವಾಸಿ. ನಿಮ್ಮ ಮನೆಯಲ್ಲಿ ಓರಗೆಯ ಎರಡು ಮೂರು ಮಕ್ಕಳಿದ್ದರೆ ಈಗಲೇ ತರಿಸಿ, ಅಂಗಡಿ ಆಟ ನಡೆಯುತ್ತದೆ.

ಕಡ್ಡಿಗೆ ಇರುವ ಒಂದೇ ಕಾಟ ರಬ್ಬರ್ ಬ್ಯಾಂಡಿನದು. ಬೇಸಿಗೆಯಲ್ಲಿ ಅಂಟಂಟಾಗಿ ಕಡ್ಡಿಗೆ ಹತ್ತಿಕೊಳ್ಳುತ್ತದೆ, ಎಳೆದರೆ ತುಂಡಾಗುತ್ತದೆ. ಫ್ಯಾನ್ಸಿ ಸ್ಟೋರಿನಲ್ಲಿ ಮಕ್ಕಳ ಜುಟ್ಟಿಗೆ ಹಾಕುವ ಬಟ್ಟೆ ಸುತ್ತಿದ ಚಿಕ್ಕ ರಬ್ಬರ್ ಸಿಗುತ್ತದೆ, ಅದನ್ನೇ ತನ್ನಿ.