ಮೇರಿ ಕ್ಯೂರಿ ಪೋಸ್ಟ್‌ಡಾಕ್ ಫೆಲೋಶಿಪ್: ಕೆಮಿಸ್ಟ್ರಿಯವರು ಅಂಕ ಕಳೆದುಕೊಳ್ಳುವುದು ಎಲ್ಲಿ?

ಯುರೋಪಿನ ಲ್ಯಾಬೊಂದರಲ್ಲಿ ಒಂದೆರಡು ವರ್ಷ ಪೋಸ್ಟ್‌ಡಾಕ್ ಮಾಡಬೇಕೆನ್ನುವ ಕೆಮಿಸ್ಟ್ರಿ ಪಿಎಚ್‌ಡಿಯವರಿಗೆ ಯುರೋಪಿಯನ್ ಒಕ್ಕೂಟದ ಮೇರಿ ಸ್ಕ್ಲೊಡೋವ್ಸ್ಕಾ ಕ್ಯೂರಿ ಪೋಸ್ಟ್‌ಡಾಕ್ಟೋರಲ್ ಫೆಲೋಶಿಪ್‌ಗಿಂತ ನೇರವಾದ ವ್ಯವಸ್ಥೆ ಸಿಗುವುದು ಕಷ್ಟ. ಸಂಬಳ ಚೆನ್ನಾಗಿದೆ. ಯಾವ ಭಾಗಕ್ಕೆ ಎಷ್ಟು ಅಂಕ ಎನ್ನುವುದು ಮೊದಲೇ ಗೊತ್ತಿರುತ್ತದೆ. ಆಯ್ಕೆ ಆಗದಿದ್ದರೂ ಏಕೆ ಆಗಲಿಲ್ಲ ಎಂದು ಬರೆದು ಕಳಿಸುತ್ತಾರೆ. ಶಿಫಾರಸು ಮಾಡಲು ದೊಡ್ಡ ಹೆಸರಿಲ್ಲದ, ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಪಿಎಚ್‌ಡಿ ಮುಗಿಸಿದವರಿಗೆ ಇದು ಬಹಳ ದೊಡ್ಡ ಅನುಕೂಲ. ತೊಂದರೆ ಇರುವುದು ನೂಕುನುಗ್ಗಲಿನದ್ದು. 2024ರಲ್ಲಿ 10,360 ಅರ್ಜಿ ಬಂದಿದ್ದವು, 2025ರಲ್ಲಿ 17,058. ಇಷ್ಟು ಜನರ ನಡುವೆ ಒಳ್ಳೆಯ ಕೆಮಿಸ್ಟ್ರಿ ಬರೆದವರು ನೂರಾರು ಮಂದಿ ಇರುತ್ತಾರೆ. ಉಳಿದ ಭಾಗಗಳನ್ನೂ ಅಷ್ಟೇ ಶ್ರದ್ಧೆಯಿಂದ ಬರೆದವರು ಕಡಿಮೆ, ಫೆಲೋಶಿಪ್ ಸಿಗುವುದೂ ಅವರಿಗೇ.

ಅರ್ಹತೆ ಬೇಗ ಹೇಳಿಬಿಡಬಹುದು. 2025ರ ಕರೆಯ (ಅರ್ಜಿ ಆಹ್ವಾನದ) ಪ್ರಕಾರ ಕೊನೆಯ ದಿನದ ಹೊತ್ತಿಗೆ ಪಿಎಚ್‌ಡಿ ಆಗಿರಬೇಕು. ವೈವಾ ಮುಗಿದು ಪದವಿ ಪ್ರದಾನ ಬಾಕಿಯಿದ್ದರೂ ಸರಿ, ಘಟಿಕೋತ್ಸವಕ್ಕೆ ಕಾಯಬೇಕಿಲ್ಲ. ಥೀಸಿಸ್ ಕೊಟ್ಟು ಪರೀಕ್ಷಕರ ವರದಿಗೆ ಕಾಯುತ್ತಿರುವವರು ಮಾತ್ರ ಮುಂದಿನ ವರ್ಷಕ್ಕೆ. ಪಿಎಚ್‌ಡಿ ನಂತರದ ಸಂಶೋಧನಾ ಅನುಭವ 8 ವರ್ಷ ಮೀರಬಾರದು. ಮಗುವಿನ ಆರೈಕೆಗೆ ತೆಗೆದುಕೊಂಡ ಬಿಡುವು, ಸಂಶೋಧನೆಯೇ ಇಲ್ಲದ ಕೆಲಸದಲ್ಲಿ ಕಳೆದ ಕಾಲ ಈ ಲೆಕ್ಕಕ್ಕೆ ಬರುವುದಿಲ್ಲ, ಆದರೆ ದಾಖಲೆ ಇಟ್ಟುಕೊಂಡಿರಬೇಕು. ಹೆಚ್ಚು ಜನ ಎಡವುವುದು ಮೊಬಿಲಿಟಿ ನಿಯಮದಲ್ಲಿ: ಕೊನೆಯ ದಿನದ ಹಿಂದಿನ 36 ತಿಂಗಳಲ್ಲಿ, ಹೋಗಬೇಕೆಂದಿರುವ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದಿರಬಾರದು. ಲೆಕ್ಕ ದೇಶದ್ದು, ವಿಶ್ವವಿದ್ಯಾಲಯದ್ದಲ್ಲ. ಜರ್ಮನಿಯಲ್ಲಿ ಈಗಷ್ಟೇ ಪಿಎಚ್‌ಡಿ ಮುಗಿಸಿದವರು ಜರ್ಮನಿಯ ಇನ್ನೊಂದು ಊರಿಗೆ ಅರ್ಜಿ ಹಾಕುವಂತಿಲ್ಲ, ಡೆನ್ಮಾರ್ಕಿಗೆ ಹಾಕಬಹುದು. ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ತೆರೆದಿರುವುದು ಯುರೋಪಿಯನ್ ಫೆಲೋಶಿಪ್, ಅಂದರೆ 12ರಿಂದ 24 ತಿಂಗಳದ್ದು. ಯುರೋಪಿನ ಹೊರಗೆ ಹೋಗಿ ಮರಳುವ ಗ್ಲೋಬಲ್ ಫೆಲೋಶಿಪ್ ಯುರೋಪಿನ ಪ್ರಜೆಗಳಿಗೆ ಮತ್ತು ಅಲ್ಲಿ ದೀರ್ಘಕಾಲ ನೆಲೆಸಿದವರಿಗೆ ಮಾತ್ರ.

ಒಬ್ಬರೇ ಅರ್ಜಿ ಹಾಕಲು ಬರುವುದಿಲ್ಲ, ಕರೆದುಕೊಳ್ಳುವ ಸೂಪರ್‌ವೈಸರ್ ಬೇಕು. ಕೊನೆಯ ದಿನ ಸೆಪ್ಟೆಂಬರ್‌ನಲ್ಲಿ ಬರುತ್ತದೆ (2025ರಲ್ಲಿ 10ನೇ ತಾರೀಕು). ಇಮೇಲ್ ಹೋಗಬೇಕಾದದ್ದು ಮಾರ್ಚ್, ಏಪ್ರಿಲ್‌ನಲ್ಲಿ. ಹಲವು ವಿಶ್ವವಿದ್ಯಾಲಯಗಳು ಮೊದಲು ಆಸಕ್ತಿ ಪತ್ರ ಕೇಳಿ, ಆರಿಸಿದವರಿಗೆ ಮಾಸ್ಟರ್‌ಕ್ಲಾಸ್ ನಡೆಸುತ್ತವೆ. ಆ ಪ್ರಕಟಣೆಗಳು ಯುರಾಕ್ಸೆಸ್ ಎನ್ನುವ, ಯುರೋಪಿನ ಸಂಶೋಧನಾ ಅವಕಾಶಗಳ ಜಾಲತಾಣದಲ್ಲಿ ಸಿಗುತ್ತವೆ, ಒಳಗಿನ ಗಡುವು ಬೇಸಿಗೆಯಲ್ಲೇ ಮುಗಿದುಹೋಗುತ್ತದೆ. ಸಿವಿ ಲಗತ್ತಿಸಿ "ನಿಮ್ಮ ಗುಂಪಿನಲ್ಲಿ ಬಹಳ ಆಸಕ್ತಿ ಇದೆ" ಎಂದು ಬರೆದ ಇಮೇಲ್‌ಗೆ ಉತ್ತರ ಬರುವುದಿಲ್ಲ. ಒಂದು ಪುಟದಲ್ಲಿ ಯಾವ ಪ್ರಶ್ನೆ, ಅದಕ್ಕೆ ಅವರ ಲ್ಯಾಬೇ ಏಕೆ, ಅವರಲ್ಲಿಲ್ಲದ ಯಾವ ಕೌಶಲ ನಿಮ್ಮಲ್ಲಿದೆ ಎಂದು ಬರೆಯಿರಿ. ಈ ವರ್ಷ ಇನ್ನೆಷ್ಟು ಜನ ಅವರ ಜೊತೆ ಅರ್ಜಿ ಹಾಕುತ್ತಿದ್ದಾರೆ ಎಂದೂ ಸಂಕೋಚವಿಲ್ಲದೆ ಕೇಳಿ. ಐದು ಜನ ಇದ್ದರೆ ನಿಮ್ಮ ಕರಡನ್ನು ಕೂತು ಓದಲು ಅವರಿಗೆ ಸಮಯ ಇರುವುದಿಲ್ಲ.

ಇನ್ನು ಅಂಕಗಳ ವಿಷಯ. ಯೋಜನೆಯನ್ನು ವಿವರಿಸುವ ಬಿ1 ಎನ್ನುವ ಭಾಗಕ್ಕೆ 10 ಪುಟ. ಅದರಲ್ಲಿ ಎಕ್ಸಲೆನ್ಸ್‌ಗೆ (ಸಂಶೋಧನೆಯ ಗುಣಮಟ್ಟ) ಶೇ. 50, ಇಂಪ್ಯಾಕ್ಟ್‌ಗೆ (ಪರಿಣಾಮ) 30, ಇಂಪ್ಲಿಮೆಂಟೇಶನ್‌ಗೆ (ಕೆಲಸದ ಯೋಜನೆ) 20. ಪ್ರತಿಯೊಂದನ್ನೂ 5ಕ್ಕೆ ಅಳೆಯುತ್ತಾರೆ. ಒಟ್ಟು 70 ಬಂದರೆ ಪಾಸು, ಆದರೆ ಕೆಮಿಸ್ಟ್ರಿ ಪ್ಯಾನೆಲ್‌ನಲ್ಲಿ ಹಣ ಸಿಗಲು ಸಾಮಾನ್ಯವಾಗಿ 90 ದಾಟಬೇಕು. ಒಂದು ಲೆಕ್ಕ ನೋಡಿ. ಎಕ್ಸಲೆನ್ಸ್ 4.8, ಇಂಪ್ಯಾಕ್ಟ್ 4.5, ಇಂಪ್ಲಿಮೆಂಟೇಶನ್ 4.0 ಬಂದರೆ 48, 27, 16, ಒಟ್ಟು 91. ಇಂಪ್ಲಿಮೆಂಟೇಶನ್ ಒಂದನ್ನೇ 4.8ಕ್ಕೆ ಏರಿಸಿದರೆ 94.2. ಆ 3.2 ಅಂಕವನ್ನು ಎಕ್ಸಲೆನ್ಸ್‌ನಿಂದ ತರಲು ಹೋದರೆ 50ಕ್ಕೆ 51.2 ಬೇಕಾಗುತ್ತದೆ, ಅಂದರೆ ಸಾಧ್ಯವೇ ಇಲ್ಲ. ಹಾಗಿದ್ದರೂ ಕೆಮಿಸ್ಟ್ರಿಯವರು ಏಳು ಪುಟ ರಿಯಾಕ್ಷನ್ ಸ್ಕೀಮ್ ಬಿಡಿಸಿ, ಕೊನೆಯ ವಾರದಲ್ಲಿ ಗ್ಯಾಂಟ್ ಚಾರ್ಟ್ (ಯಾವ ಕೆಲಸ ಯಾವ ತಿಂಗಳು ಎನ್ನುವ ಪಟ್ಟಿ) ಸೇರಿಸಿ ಮುಗಿಸುವುದು ಈಗಲೂ ನಡೆಯುತ್ತಲೇ ಇದೆ. ಐದು, ಮೂರು, ಎರಡು ಪುಟ ಎಂದು ಹಂಚಿಕೊಂಡು ಶುರುಮಾಡುವುದೇ ಒಳ್ಳೆಯದು.

ಎಕ್ಸಲೆನ್ಸ್‌ನಲ್ಲಿ ಪರಿಣತರು ಹುಡುಕುವುದು ಸಂಖ್ಯೆಗಳನ್ನು. ದುಬಾರಿ ರುಥೇನಿಯಂ ಬದಲು ಕಬ್ಬಿಣದ ಫೋಟೋಕ್ಯಾಟಲಿಸ್ಟ್ (ಬೆಳಕಿನಿಂದ ಪ್ರತಿಕ್ರಿಯೆ ನಡೆಸುವ ವೇಗವರ್ಧಕ) ಮಾಡುವ ಯೋಜನೆ ಎಂದಿಟ್ಟುಕೊಳ್ಳಿ. "ಕಬ್ಬಿಣ ಅಗ್ಗ, ಹೇರಳ, ಪರಿಸರಸ್ನೇಹಿ" ಎಂದು ಎಲ್ಲರೂ ಬರೆಯುತ್ತಾರೆ. ಬರೆಯಬೇಕಾದದ್ದು ಹೀಗೆ: ರುಥೇನಿಯಂ ಟ್ರಿಸ್‌ಬೈಪಿರಿಡಿನ್‌ನ ಬೆಳಕು ಹೀರಿದ ಉದ್ರಿಕ್ತ ಸ್ಥಿತಿ ಸುಮಾರು 1 ಮೈಕ್ರೋಸೆಕೆಂಡ್ ಬಾಳುತ್ತದೆ, ಅದೇ ಲಿಗ್ಯಾಂಡ್ (ಲೋಹಕ್ಕೆ ಕಟ್ಟಿಕೊಳ್ಳುವ ಅಣು) ಕಬ್ಬಿಣಕ್ಕೆ ಕಟ್ಟಿದರೆ ಸುಮಾರು 100 ಫೆಮ್ಟೋಸೆಕೆಂಡ್, ಅಂದರೆ ಕೋಟಿ ಪಟ್ಟು ಕಡಿಮೆ. ಲುಂಡ್ ವಿಶ್ವವಿದ್ಯಾಲಯದವರು ಕಾರ್ಬೀನ್ ಲಿಗ್ಯಾಂಡ್ ಬಳಸಿ 2013ರಲ್ಲಿ ಅದನ್ನು 9 ಪಿಕೋಸೆಕೆಂಡ್‌ಗೆ ತಂದರು, ನಂತರ ಕಬ್ಬಿಣದ ಮೂರು ವೇಲೆನ್ಸಿಯ ಕಾಂಪ್ಲೆಕ್ಸ್ ಒಂದರಲ್ಲಿ 2 ನ್ಯಾನೋಸೆಕೆಂಡ್ ಮುಟ್ಟಿದರು. ದ್ರಾವಣದಲ್ಲಿ ಸಬ್‌ಸ್ಟ್ರೇಟ್ 0.1 ಮೋಲಾರ್ ಇದ್ದರೆ ಡಿಕ್ಕಿಗೆ ಹೆಚ್ಚುಕಡಿಮೆ 1 ನ್ಯಾನೋಸೆಕೆಂಡ್ ಬೇಕು. ಹಾಗಾಗಿ ಪಿಕೋಸೆಕೆಂಡ್ ಬಾಳುವ ಕಾಂಪ್ಲೆಕ್ಸ್ ಹಿಂದಿನ ಸ್ಥಿತಿಗೆ ಮರಳಿರುತ್ತದೆ, 2 ನ್ಯಾನೋಸೆಕೆಂಡ್ ಬಾಳುವುದು ಪ್ರತಿಕ್ರಿಯಿಸಬಲ್ಲದು. ಈ ನಾಲ್ಕು ಸಾಲಿನಲ್ಲಿ ಹಿಂದೆ ಏನಾಗಿದೆ, ಕೊರತೆ ಎಲ್ಲಿದೆ, ನೀವು ಮುಟ್ಟಬೇಕಾದ ಗುರಿ ಎಷ್ಟು, ಮೂರೂ ಬಂದವು.

ಇದೇ ಭಾಗದಲ್ಲಿ ಜ್ಞಾನ ವಿನಿಮಯ ಎರಡೂ ಕಡೆಯಿಂದ ಇರಬೇಕು ಎಂದು ಕೇಳುತ್ತಾರೆ. ಅಲ್ಲಿ ಏನೇನು ಕಲಿಯುತ್ತೇನೆ ಎನ್ನುವುದನ್ನಷ್ಟೇ ಬರೆದು ಬಿಟ್ಟರೆ ವರದಿಯಲ್ಲಿ ಅದೇ ದೌರ್ಬಲ್ಯವಾಗಿ ಬರುತ್ತದೆ. ನೀವು ಆ ಲ್ಯಾಬಿಗೆ ಕಲಿಸುವ ತಂತ್ರ ಯಾವುದು, ಯಾರಿಗೆ, ಎಷ್ಟನೇ ತಿಂಗಳಲ್ಲಿ ಎಂದು ಹೇಳಿ. ಲಿಂಗ ಆಯಾಮದ ಕಾಲಂ ಸಿಂಥೆಸಿಸ್ ಯೋಜನೆಗೆ ಅನ್ವಯಿಸದಿರಬಹುದು, ಆದರೆ ಏಕೆ ಅನ್ವಯಿಸುವುದಿಲ್ಲ ಎಂದು ಒಂದು ವಾಕ್ಯ ಬರೆಯಲೇಬೇಕು. ಓಪನ್ ಸೈನ್ಸ್‌ನಲ್ಲೂ ಮೋಘಂ ಮಾತು ಬೇಡ: ಪ್ರಿಪ್ರಿಂಟ್ ಕೆಮ್‌ಆರ್ಕೈವ್‌ಗೆ, ಎನ್‌ಎಂಆರ್ ಮೂಲ ದತ್ತಾಂಶ ಝೆನೊಡೊಗೆ, ಸ್ಫಟಿಕ ರಚನೆಗಳು ಕೇಂಬ್ರಿಡ್ಜ್ ದತ್ತಸಂಚಯಕ್ಕೆ ಎಂದು ಜಾಗದ ಹೆಸರು ಹಾಕಿ.

ಇಂಪ್ಲಿಮೆಂಟೇಶನ್‌ನಲ್ಲಿ ಅಂಕ ಹೋಗುವುದು ರಿಸ್ಕ್ ಪಟ್ಟಿಯಲ್ಲಿ. "ಪ್ರತಿಕ್ರಿಯೆ ನಡೆಯದಿದ್ದರೆ ಪರಿಸ್ಥಿತಿಗಳನ್ನು ಬದಲಿಸಿ ನೋಡಲಾಗುವುದು" ಎನ್ನುವುದು ಪರ್ಯಾಯ ಅಲ್ಲ. ಮೇಲಿನ ಯೋಜನೆಯನ್ನೇ ತೆಗೆದುಕೊಂಡರೆ, ಮೊದಲ ವರ್ಕ್ ಪ್ಯಾಕೇಜ್ (ಕೆಲಸದ ಹಂತ) 1ರಿಂದ 8ನೇ ತಿಂಗಳು: ಎರಡು ಕಾಂಪ್ಲೆಕ್ಸ್, ತಲಾ 200 ಮಿಲಿಗ್ರಾಂ, ಏಕಸ್ಫಟಿಕ ರಚನೆ ಸಹಿತ. ಸ್ಫಟಿಕ ಬೆಳೆಯದಿದ್ದರೆ? ಕಾಂಪ್ಲೆಕ್ಸ್ ಜೊತೆಗಿರುವ ಕೌಂಟರ್ ಅಯಾನನ್ನು ಹೆಕ್ಸಾಫ್ಲೋರೋಫಾಸ್ಫೇಟ್‌ನಿಂದ ಟೆಟ್ರಾಫೆನೈಲ್‌ಬೋರೇಟ್‌ಗೆ ಬದಲಿಸುವುದು, 6ನೇ ತಿಂಗಳವರೆಗೂ ಆಗದಿದ್ದರೆ ರಚನೆಗೆ ಎಕ್ಸ್-ಕಿರಣ ಹೀರಿಕೆಯ ದತ್ತಾಂಶವನ್ನು ನೆಚ್ಚಿಕೊಳ್ಳುವುದು. ಮೂರು ವೇಲೆನ್ಸಿಯ ಕಬ್ಬಿಣ ಪ್ಯಾರಾಮ್ಯಾಗ್ನೆಟಿಕ್ ಆದ್ದರಿಂದ ಎನ್‌ಎಂಆರ್ ಗೆರೆಗಳು ಅಗಲವಾಗಿ, ಜಾಗ ಬದಲಿಸಿ ಕಾಣುತ್ತವೆ. ಶುದ್ಧತೆಗೆ ಎನ್‌ಎಂಆರ್ ಒಂದನ್ನೇ ಹೇಳಿದರೆ ಪರಿಣತರಿಗೆ ಅನುಮಾನ ಬರುತ್ತದೆ. ಎಲಿಮೆಂಟಲ್ ಅನಾಲಿಸಿಸ್, ಮಾಸ್ ಸ್ಪೆಕ್ಟ್ರಮ್ ಸೇರಿಸಿ. ಉದ್ರಿಕ್ತ ಸ್ಥಿತಿಯ ಬಾಳಿಕೆ ಅಳೆಯುವ ಟ್ರಾನ್ಸಿಯಂಟ್ ಅಬ್ಸಾರ್ಪ್ಷನ್ ಯಂತ್ರ ಬೇರೆ ಸಂಸ್ಥೆಯಲ್ಲಿದ್ದರೆ ಅಲ್ಲಿಗೆ ಸೆಕೆಂಡ್‌ಮೆಂಟ್ (ಕೆಲಕಾಲ ಅಲ್ಲಿ ಹೋಗಿ ಕೆಲಸ ಮಾಡುವುದು) ತೋರಿಸಬಹುದು, ಒಟ್ಟು ಅವಧಿಯ ಮೂರನೇ ಒಂದು ಭಾಗದವರೆಗೆ ಅವಕಾಶವಿದೆ. ಆದರೆ ಮೊದಲ ಪ್ಯಾಕೇಜ್ ತಡವಾದರೆ ಆ ಪ್ರಯಾಣದ ದಿನಾಂಕ ಏನಾಗುತ್ತದೆ ಎಂದೂ ಬರೆದಿರಬೇಕು. ಪರ್ಯಾಯದ ಪಕ್ಕದಲ್ಲಿ ಯಾವ ತಿಂಗಳಲ್ಲಿ ನಿರ್ಧಾರ ಎಂದು ಇದ್ದರೆ ಮಾತ್ರ ಓದುವವರಿಗೆ ನಂಬಿಕೆ ಬರುತ್ತದೆ.

ಇಂಪ್ಯಾಕ್ಟ್ ಭಾಗದಲ್ಲಿ ಮೊದಲ ಪ್ರಶ್ನೆ ನಿಮ್ಮ ವೃತ್ತಿಯದ್ದು, ಲೋಕೋದ್ಧಾರದ್ದಲ್ಲ. ಎರಡು ವರ್ಷದ ನಂತರ ಯಾವ ಹುದ್ದೆ, ಅದಕ್ಕೆ ಈಗ ಏನು ಕೊರತೆ, ಈ ಯೋಜನೆಯ ಯಾವ ತರಬೇತಿ ಅದನ್ನು ತುಂಬುತ್ತದೆ? ಜನರಿಗೆ ತಲುಪಿಸುವ ಕೆಲಸವನ್ನೂ ನಿಜವಾಗಿ ಮಾಡಬಲ್ಲಷ್ಟೇ ಬರೆಯಿರಿ. ಊರಿನ ಹೈಸ್ಕೂಲ್ ಮಕ್ಕಳಿಗೆ ಕನ್ನಡದಲ್ಲಿ ಆನ್‌ಲೈನ್ ಪಾಠ ಎನ್ನುವುದು ಲೆಕ್ಕಕ್ಕೆ ಬರುವ ವಿಷಯವೇ, ಎಷ್ಟು ಸಲ, ಯಾವ ತರಗತಿಗೆ ಎಂದು ಹೇಳಿದರೆ.

ಹಣದ ವಿಚಾರದಲ್ಲಿ ಒಂದು ತಪ್ಪು ತಿಳಿವಳಿಕೆ ಹರಡಿದೆ. 2025ರ ಕರೆಯಲ್ಲಿ ತಿಂಗಳಿಗೆ ಜೀವನ ಭತ್ಯೆ 5,990 ಯೂರೊ, ಮೊಬಿಲಿಟಿ ಭತ್ಯೆ 710, ಕುಟುಂಬ ಇದ್ದರೆ 660. ಇದು ಕೈಗೆ ಬರುವ ಸಂಬಳವಲ್ಲ. ಜೀವನ ಭತ್ಯೆಯನ್ನು ಮೊದಲು ಆಯಾ ದೇಶದ ವೆಚ್ಚದ ಗುಣಕದಿಂದ ಗುಣಿಸುತ್ತಾರೆ, ನಂತರ ಉದ್ಯೋಗದಾತರ ಪಾಲಿನ ಸಾಮಾಜಿಕ ಭದ್ರತೆಯ ಹಣವೂ ಅದರಿಂದಲೇ ಹೋಗುತ್ತದೆ, ಆಮೇಲೆ ನಿಮ್ಮ ಪಾಲು, ತೆರಿಗೆ. ಕೈಗೆಷ್ಟು ಎಂದು ಆ ವಿಶ್ವವಿದ್ಯಾಲಯದ ಎಚ್‌ಆರ್ ವಿಭಾಗವನ್ನೇ ಬರವಣಿಗೆಯಲ್ಲಿ ಕೇಳಿ. ಹೀಗಿದ್ದರೂ ಉದ್ಯೋಗ ಕರಾರು, ಆರೋಗ್ಯ ವಿಮೆ, ಪಿಂಚಣಿ ಸೇರಿ ಬರುವುದರಿಂದ ಸಾಮಾನ್ಯ ಸ್ಟೈಪೆಂಡ್‌ಗಿಂತ ಇದು ಮೇಲು. ಸಂಶೋಧನೆ, ತರಬೇತಿಗೆ ತಿಂಗಳಿಗೆ 1,000 ಯೂರೊ ಸಂಸ್ಥೆಗೆ ಹೋಗುತ್ತದೆ. 24 ತಿಂಗಳಿಗೆ 24,000 ಎಂದರೆ ಕೆಮಿಸ್ಟ್ರಿ ಲ್ಯಾಬಿನಲ್ಲಿ ದೊಡ್ಡ ಮೊತ್ತವೇನಲ್ಲ. ಡ್ಯೂಟರೇಟೆಡ್ ಸಾಲ್ವೆಂಟ್, ಕಾಲಂ, ಯಂತ್ರದ ಗಂಟೆ ಬಾಡಿಗೆ ಯಾರ ಲೆಕ್ಕಕ್ಕೆ ಎಂದು ಸೂಪರ್‌ವೈಸರ್ ಜೊತೆ ಮೊದಲೇ ಮಾತಾಡಿಕೊಳ್ಳಿ.

ಅರ್ಜಿ ಸಲ್ಲಿಸುವ ಪೋರ್ಟಲ್ ಕೆಲಸ ಮಾಡುತ್ತದೆ, ಆದರೆ ಸುಲಭವಾಗಿ ಅಲ್ಲ. ಭಾಗ ಎ ಆನ್‌ಲೈನ್ ಫಾರ್ಮ್. ಬಿ1, ಬಿ2 ಎರಡು ಪಿಡಿಎಫ್. ಅಕ್ಷರ ಕನಿಷ್ಠ 11 ಪಾಯಿಂಟ್, ಅಂಚು 15 ಮಿಲಿಮೀಟರ್. ಹತ್ತು ಪುಟ ಮೀರಿದ ಭಾಗ ಪರಿಣತರಿಗೆ ಕಾಣುವುದೇ ಇಲ್ಲ. ಸಂಸ್ಥೆಯ ಪಿಐಸಿ ಸಂಖ್ಯೆ (ಪೋರ್ಟಲ್‌ನಲ್ಲಿ ಅದರ ಗುರುತಿನ ಸಂಖ್ಯೆ) ಸರಿಯಿದೆಯೇ ನೋಡಿ, ಒಂದೇ ವಿಶ್ವವಿದ್ಯಾಲಯದ ಹೆಸರಿನಲ್ಲಿ ಒಂದಕ್ಕಿಂತ ಹೆಚ್ಚು ನಮೂದು ಸಿಗಬಹುದು. ಎಥಿಕ್ಸ್ ಪ್ರಶ್ನೆಗಳಲ್ಲಿ ಆರೋಗ್ಯ, ಪರಿಸರಕ್ಕೆ ಅಪಾಯ ಇದೆಯೇ ಎಂಬುದಕ್ಕೆ ಅಭ್ಯಾಸಬಲದಿಂದ "ಇಲ್ಲ" ಒತ್ತಬೇಡಿ, ಬಳಸುವ ರಾಸಾಯನಿಕಗಳ ಪಟ್ಟಿ ನೋಡಿ ಉತ್ತರಿಸಿ. ಪೋಲೆಂಡ್, ಚೆಕ್, ಪೋರ್ಚುಗಲ್‌ನಂಥ ದೇಶಗಳಿಗೆ ಹಾಕುವವರು ಅಂಥ ದೇಶಗಳಿಗೆಂದೇ ಇರುವ ಇಆರ್‌ಎ ಫೆಲೋಶಿಪ್ ಆಯ್ಕೆಗೆ ಟಿಕ್ ಮಾಡಲೇಬೇಕು. ಮುಖ್ಯ ಪಟ್ಟಿಯಲ್ಲಿ ಹಣ ಸಿಗದಿದ್ದರೆ ಅದೇ ಅಂಕಗಳ ಮೇಲೆ ಇನ್ನೊಂದು ಅವಕಾಶ, ನಷ್ಟ ಏನೂ ಇಲ್ಲ. ಗಡುವು ಬ್ರಸೆಲ್ಸ್ ಸಮಯ ಸಂಜೆ 5, ನಮ್ಮಲ್ಲಿ ರಾತ್ರಿ 8.30. ಅಲ್ಲಿಯವರೆಗೆ ಎಷ್ಟು ಸಲ ಬೇಕಾದರೂ ಹೊಸ ಪ್ರತಿ ಹಾಕಬಹುದು, ಹಳೆಯದು ತಾನಾಗಿ ಹೋಗುತ್ತದೆ. ಅದಕ್ಕೇ ಎರಡು ದಿನ ಮೊದಲೇ ಒಂದು ಪ್ರತಿ ಸಲ್ಲಿಸಿ, ಇಳಿಸಿಕೊಂಡು, ಸ್ಕೀಮ್‌ಗಳ ಬಾಣಗಳು ಪಿಡಿಎಫ್‌ನಲ್ಲಿ ಉಳಿದಿವೆಯೇ ಎಂದು ಪರೀಕ್ಷಿಸಿ.

ಫಲಿತಾಂಶ ಫೆಬ್ರವರಿಯಲ್ಲಿ. ಕನಿಷ್ಠ ಮೂವರು ಪರಿಣತರು ಓದಿ ಒಮ್ಮತಕ್ಕೆ ಬಂದ ವರದಿ ಬರುತ್ತದೆ, ಪ್ರತಿ ಭಾಗದ ಶಕ್ತಿ ಮತ್ತು ದೌರ್ಬಲ್ಯ ಬೇರೆಬೇರೆಯಾಗಿ. ಈ ಫೆಲೋಶಿಪ್ ವ್ಯವಸ್ಥೆಗೆ ಪೂರ್ತಿ ಅಂಕ ಕೊಡಬೇಕೆನಿಸುವುದು ಇಲ್ಲಿಯೇ. 85 ದಾಟಿಯೂ ಹಣ ಸಿಗದಿದ್ದವರಿಗೆ ಸೀಲ್ ಆಫ್ ಎಕ್ಸಲೆನ್ಸ್ ಪತ್ರ ಕೊಡುತ್ತಾರೆ, ಕೆಲವು ದೇಶಗಳಲ್ಲಿ ಅದರ ಮೇಲೆಯೇ ಬೇರೆ ಹಣ ಸಿಗುವುದುಂಟು. 2025ರ ಕರೆಯ ನಿಯಮದಂತೆ 70ಕ್ಕಿಂತ ಕಡಿಮೆ ಬಂದರೆ ಮರುವರ್ಷ ಅದೇ ಸಂಸ್ಥೆಯೊಂದಿಗೆ ಹಾಕುವಂತಿರಲಿಲ್ಲ. ಮತ್ತೆ ಹಾಕುವವರು ದೌರ್ಬಲ್ಯದ ಪಟ್ಟಿಯನ್ನು ಒಂದೊಂದಾಗಿ ಸರಿಪಡಿಸಿದರೆ ಸಾಲದು. ಈ ಬಾರಿ ಓದುವವರು ಬೇರೆ ಪರಿಣತರಾಗಿರಬಹುದು, ಹಿಂದೆ ಮೆಚ್ಚುಗೆ ಪಡೆದ ಪ್ಯಾರಾದಲ್ಲೇ ಈ ಬಾರಿ ತಪ್ಪು ಕಾಣಬಹುದು. ಒಂದು ವರ್ಷದಲ್ಲಿ ಕ್ಷೇತ್ರ ಮುಂದೆ ಹೋಗಿರುತ್ತದೆ, ಹಾಗಾಗಿ ಮೊದಲು ತಿದ್ದಬೇಕಾದದ್ದು ಎಕ್ಸಲೆನ್ಸ್‌ನ ಆ ಸಂಖ್ಯೆಗಳನ್ನು.