ಸ್ಕೂಪ್ ಜೊತೆ ನಾಲ್ಕೂವರೆ ವರ್ಷ: ಅಡ್ಮಿನ್ ಪಾಸ್‌ವರ್ಡ್ ಇಲ್ಲದವನ ಪೈಥಾನ್

ನಾನು ಸಾಫ್ಟ್‌ವೇರ್ ಎಂಜಿನಿಯರ್ ಅಲ್ಲ. ಧಾರವಾಡದ ಒಂದು ಸಣ್ಣ ಪ್ರಕಾಶನದಲ್ಲಿ ಪುಟ ಕಟ್ಟುವುದು, ಕರಡು ತಿದ್ದುವುದು ನನ್ನ ಕೆಲಸ. ನಮ್ಮ ಹಳೇ ಪುಸ್ತಕಗಳ ಫೈಲುಗಳೆಲ್ಲ ನುಡಿ ಫಾಂಟಿನಲ್ಲಿವೆ. ಮರುಮುದ್ರಣಕ್ಕೆ ಬಂದಾಗ ಅವನ್ನೆಲ್ಲ ಯೂನಿಕೋಡ್‌ಗೆ ತರಬೇಕು. ಒಂದೊಂದೇ ಅಧ್ಯಾಯ ತೆರೆದು, ಕನ್ವರ್ಟರಿಗೆ ಹಾಕಿ, ಮತ್ತೆ ತಂದು ಅಂಟಿಸಿ ಬೇಜಾರು ಬಂದು ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಕಲಿತೆ. ಕಲಿತದ್ದು ಅಷ್ಟಕ್ಕಷ್ಟೇ. ಆದರೆ ಭಾಷೆ ಕಲಿಯುವುದಕ್ಕಿಂತ ಅದನ್ನು ಆಫೀಸಿನ ವಿಂಡೋಸ್ ಕಂಪ್ಯೂಟರಿಗೆ ಹಾಕುವುದೇ ದೊಡ್ಡ ಕೆಲಸವಾಯಿತು.

ಇದು 2021ರ ಮಾತು. ಪೈಥಾನ್‌ನ ಅಧಿಕೃತ ತಾಣದಿಂದ ಇನ್‌ಸ್ಟಾಲರ್ ಇಳಿಸಿಕೊಂಡೆ. ಓಡಿಸಿದ ಕೂಡಲೇ ಅಡ್ಮಿನ್ ಪಾಸ್‌ವರ್ಡ್ ಕೇಳಿತು. ಪಾಸ್‌ವರ್ಡ್ ಇರುವುದು ಕಂಪ್ಯೂಟರ್ ರಿಪೇರಿಗೆ ಬರುವವರ ಹತ್ತಿರ. ಫೋನ್ ಮಾಡಿದರೆ "ಮುಂದಿನ ವಾರ ಬರ್ತೇನ್ರಿ ಸರ್" ಅಂದರು. ಆ ವಾರ ಬರಲೇ ಇಲ್ಲ. ಆಗಿನ ಇನ್‌ಸ್ಟಾಲರಿನಲ್ಲಿ 'ಲಾಂಚರ್ ಎಲ್ಲ ಬಳಕೆದಾರರಿಗೂ' ಅಂತ ಒಂದು ಟಿಕ್ ಮೊದಲೇ ಬಿದ್ದಿರುತ್ತಿತ್ತು. ಅದನ್ನು ತೆಗೆದರೆ ಪಾಸ್‌ವರ್ಡ್ ಕೇಳುತ್ತಲೇ ಇರಲಿಲ್ಲ. ಇದು ನನಗೆ ಗೊತ್ತಾಗಲು ಹದಿನೈದು ದಿನ ಬೇಕಾಯಿತು.

ಸರಿ, ಟಿಕ್ ತೆಗೆದು ಹಾಕಿದೆ. ಕಪ್ಪು ಕಿಟಕಿ ತೆರೆದು ಪೈಥಾನ್ ಅಂತ ಟೈಪ್ ಮಾಡಿದೆ. ಪೈಥಾನ್ ಬರಲಿಲ್ಲ, ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಂಡಿತು! ಮನೆಯಲ್ಲಿ ಮಾಡಿದ ಅಡುಗೆ ಬಡಿಸಿ ಅಂದರೆ ಅಂಗಡಿಗೆ ಕರೆದುಕೊಂಡು ಹೋದ ಹಾಗೆ. 2019ರ ಮೇ ಅಪ್‌ಡೇಟ್‌ನಿಂದ ವಿಂಡೋಸ್ 10ರಲ್ಲಿ ಈ ಏರ್ಪಾಡು ಇದೆ. ಟೈಪ್ ಮಾಡಿದ ಹೆಸರನ್ನು ವಿಂಡೋಸ್ ಎಲ್ಲೆಲ್ಲಿ ಹುಡುಕಬೇಕು ಅನ್ನುವ ಪಾತ್ ಪಟ್ಟಿಯಲ್ಲಿ ಪೈಥಾನ್ ಸಿಗದಿದ್ದರೆ ಸ್ಟೋರಿಗೆ ಕಳಿಸುವ ಒಂದು ನಕಲಿ ಪೈಥಾನ್ ಅಲ್ಲಿ ಕಾದು ಕೂತಿರುತ್ತದೆ. ಆ ಇನ್‌ಸ್ಟಾಲರಿನಲ್ಲಿ ಪಾತ್‌ಗೆ ಸೇರಿಸುವ ಟಿಕ್ ಇತ್ತು, ಆದರೆ ಅದು ಮೊದಲೇ ಬಿದ್ದಿರುತ್ತಿರಲಿಲ್ಲ. ಬೇಡದ ಟಿಕ್ ಬಿದ್ದಿರುತ್ತಿತ್ತು, ಬೇಕಾದ ಟಿಕ್ ಬಿದ್ದಿರುತ್ತಿರಲಿಲ್ಲ. ಹೊಸಬರು ಇಲ್ಲೇ ಅರ್ಧ ಸೋಲುತ್ತಿದ್ದರು.

ಆಗ ಬೆಂಗಳೂರಿನಲ್ಲಿರುವ ಅಕ್ಕನ ಮಗ ಫೋನಿನಲ್ಲಿ ಹೇಳಿದ, "ಮಾಮಾ, ಸ್ಕೂಪ್ ಹಾಕ್ಕೋರಿ. ಯಾರನ್ನೂ ಕೇಳೂದ ಬ್ಯಾಡ್ರಿ." ಆವತ್ತಿನಿಂದ ಇವತ್ತಿನವರೆಗೂ ಬಳಸುತ್ತಿದ್ದೇನೆ.

ಸ್ಕೂಪ್ ಅಂದರೆ ವಿಂಡೋಸ್‌ಗೆ ಇರುವ ಒಂದು ಪ್ಯಾಕೇಜ್ ಮ್ಯಾನೇಜರ್, ಅಂದರೆ ಬೇರೆ ತಂತ್ರಾಂಶಗಳನ್ನು ತಂದು ಹಾಕುವ, ಹೊಸದು ಮಾಡುವ, ತೆಗೆಯುವ ಸಲಕರಣೆ. 2013ರಲ್ಲಿ ಲ್ಯೂಕ್ ಸ್ಯಾಂಪ್ಸನ್ ಶುರು ಮಾಡಿದ ಮುಕ್ತ ತಂತ್ರಾಂಶ, ದುಡ್ಡು ಕೊಡಬೇಕಿಲ್ಲ. ವಿಂಡೋಸಿಗೆ ಆದೇಶ ಬರೆಯುವ ಪವರ್‌ಶೆಲ್ ಕಿಟಕಿಯಲ್ಲಿ ಎರಡು ಸಾಲು ಹೊಡೆದರೆ ಮುಗಿಯಿತು. ಮೊದಲನೇ ಸಾಲು ಸ್ಕ್ರಿಪ್ಟ್ ಓಡಿಸುವುದರ ಮೇಲಿನ ತಡೆಯನ್ನು ನಿಮ್ಮ ಖಾತೆಗೆ ಮಾತ್ರ ಸಡಿಲ ಮಾಡುತ್ತದೆ. ಎರಡನೆಯದು ಸ್ಕೂಪನ್ನು ತಂದು ಕೂರಿಸುತ್ತದೆ. ತಮಾಷೆ ಅಂದರೆ, ಈಗ ಅಡ್ಮಿನ್ ಆಗಿ ಓಡಿಸಲು ಹೋದರೆ ಸ್ಕೂಪೇ ಒಪ್ಪುವುದಿಲ್ಲ. ಮಾಮೂಲಿ ಬಳಕೆದಾರನಾಗಿ ಬಾ ಅನ್ನುತ್ತದೆ. ಪಾಸ್‌ವರ್ಡಿಗಾಗಿ ಎರಡು ವಾರ ಕಾದ ನನಗೆ ಈ ಒಂದು ಗುಣವೇ ಸಾಕಾಗಿತ್ತು.

ಆಮೇಲೆ 'ಸ್ಕೂಪ್ ಇನ್‌ಸ್ಟಾಲ್ ಪೈಥಾನ್' ಅಂತ ಬರೆದರೆ ಆಯಿತು. ಸುಮಾರು 25 ಎಂಬಿ ಇಳಿಯುತ್ತದೆ. ಟಿಕ್ ಇಲ್ಲ, ನೆಕ್ಸ್ಟ್ ನೆಕ್ಸ್ಟ್ ಇಲ್ಲ. ಪಾತ್ ತಾನೇ ಸರಿಯಾಗುತ್ತದೆ. ಒಳಗೆ ಏನು ನಡೆಯುತ್ತದೆ ಅನ್ನುವುದು ನನಗೆ ಇಷ್ಟವಾದ ವಿಷಯ. ಸ್ಕೂಪ್ ಪೈಥಾನ್‌ನ ಇನ್‌ಸ್ಟಾಲರನ್ನು ಓಡಿಸುವುದೇ ಇಲ್ಲ. 'ಡಾರ್ಕ್' ಅನ್ನುವ ಇನ್ನೊಂದು ಸಣ್ಣ ಸಲಕರಣೆಯಿಂದ ಅದರ ಹೊಟ್ಟೆ ಬಗೆದು ಒಳಗಿನ ಸಾಮಾನನ್ನು ಹೊರಗೆ ತೆಗೆದು ಜೋಡಿಸಿಕೊಳ್ಳುತ್ತದೆ. ಮೊದಲ ಸಲ ಹಾಕುವಾಗ ಪರದೆ ಮೇಲೆ ಡಾರ್ಕ್ ಅಂತ ಕಂಡರೆ ವೈರಸ್ ಅಂತ ಗಾಬರಿ ಆಗಬೇಡಿ. ನಾನು ಆಗಿದ್ದೆ.

ಎಲ್ಲವೂ ನಿಮ್ಮ ಯೂಸರ್ ಫೋಲ್ಡರಿನ ಒಳಗಿನ ಸ್ಕೂಪ್ ಅನ್ನುವ ಒಂದೇ ಫೋಲ್ಡರಿನಲ್ಲಿ ಕೂರುತ್ತದೆ. ಅದರೊಳಗೆ ಆ್ಯಪ್ಸ್, ಅದರೊಳಗೆ ಪೈಥಾನ್, ಅದರೊಳಗೆ ವರ್ಷನ್ ನಂಬರಿನ ಹೆಸರಿರುವ ಫೋಲ್ಡರುಗಳು. ಪಕ್ಕದಲ್ಲಿ 'ಕರೆಂಟ್' ಅಂತ ಇನ್ನೊಂದು. ಈ ಕರೆಂಟ್ ನಿಜವಾದ ಫೋಲ್ಡರ್ ಅಲ್ಲ. ಈಗ ಚಾಲ್ತಿಯಲ್ಲಿರುವ ವರ್ಷನ್ ಕಡೆ ಬಾಣ ತೋರಿಸುವ ಬೋರ್ಡು ಅಷ್ಟೇ. ಹೊಸ ವರ್ಷನ್ ಬಂದಾಗ ಸ್ಕೂಪ್ ಹಳೆಯದನ್ನು ಮುಟ್ಟುವುದಿಲ್ಲ. ಹೊಸದನ್ನು ಪಕ್ಕದಲ್ಲಿಟ್ಟು ಬೋರ್ಡನ್ನು ಆ ಕಡೆ ತಿರುಗಿಸುತ್ತದೆ. ಪಿಪ್ ಅನ್ನುವ ಪೈಥಾನ್‌ನದೇ ಸಲಕರಣೆಯಿಂದ ನಾವು ಹಾಕಿಕೊಂಡ ಲೈಬ್ರರಿಗಳನ್ನು, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡನ್ನು, 'ಪರ್ಸಿಸ್ಟ್' ಅನ್ನುವ ಬೇರೆ ಜಾಗದಲ್ಲಿ ಇಡುತ್ತದೆ. ವರ್ಷನ್ ಬದಲಾದರೂ ಅವು ಅಲ್ಲೇ ಇರುತ್ತವೆ. ಎಷ್ಟು ಚೆಂದದ ವ್ಯವಸ್ಥೆ ಅಲ್ವಾ ಅಂತ ಎರಡು ವರ್ಷ ಎಲ್ಲರಿಗೂ ಹೇಳಿಕೊಂಡು ಓಡಾಡಿದೆ.

2023ರ ಅಕ್ಟೋಬರಿನಲ್ಲಿ ಅದೇ ವ್ಯವಸ್ಥೆ ನನ್ನನ್ನು ಕೆಡವಿತು.

ದಸರಾ ರಜೆಗೆ ಊರಿಗೆ ಹೊರಡುವ ಹಿಂದಿನ ದಿನ. ಮುನ್ನೂರು ಪುಟದ ಒಂದು ಕಾದಂಬರಿ ಸಂಜೆಯೊಳಗೆ ಪ್ರೆಸ್ಸಿಗೆ ಹೋಗಬೇಕು. ಬೆಳಿಗ್ಗೆ ಚಹಾ ಕುಡಿಯುತ್ತ, ಸುಮ್ನೆ ಅಭ್ಯಾಸಬಲದಿಂದ, 'ಸ್ಕೂಪ್ ಅಪ್‌ಡೇಟ್' ಮುಂದೆ ನಕ್ಷತ್ರದ ಗುರುತು ಹಾಕಿ ಎಂಟರ್ ಒತ್ತಿದೆ. ಹಾಕಿರುವುದನ್ನೆಲ್ಲ ಹೊಸದು ಮಾಡು ಅಂತ ಅದರ ಅರ್ಥ. ಪೈಥಾನ್ 3.12 ಆಗಷ್ಟೇ, ಅಂದರೆ ಅಕ್ಟೋಬರ್ 2ಕ್ಕೆ ಬಿಡುಗಡೆಯಾಗಿತ್ತು. ನನ್ನ ಹತ್ತಿರ 3.11.5 ಇತ್ತು. ಬೋರ್ಡು ತಿರುಗಿತು. ವರ್ಡ್ ಫೈಲು ಓದುವ ನನ್ನ ಸ್ಕ್ರಿಪ್ಟು ಸತ್ತೇ ಹೋಯಿತು. ಎಲ್‌ಎಕ್ಸ್‌ಎಂಎಲ್ ಅನ್ನುವ ಲೈಬ್ರರಿಯಿಂದ ಇಟ್ರೀ ಅನ್ನುವ ಭಾಗ ತರಲು ಆಗುತ್ತಿಲ್ಲ ಅಂತ ಕೆಂಪು ಅಕ್ಷರ.

ಕಾರಣ ಆಮೇಲೆ ತಿಳಿಯಿತು. ಶುದ್ಧ ಪೈಥಾನ್‌ನಲ್ಲಿ ಬರೆದ ಲೈಬ್ರರಿಗಳು ಸಾಮಾನ್ಯವಾಗಿ 3.11 ಇರಲಿ 3.12 ಇರಲಿ ನಡೆದುಹೋಗುತ್ತವೆ. ಆದರೆ ಎಲ್‌ಎಕ್ಸ್‌ಎಂಎಲ್, ನಮ್‌ಪೈ ತರಹದವು ಸಿ ಭಾಷೆಯಿಂದ ಕಂಪೈಲ್ ಆಗಿ, ಅಂದರೆ ಮೊದಲೇ ಯಂತ್ರಭಾಷೆಗೆ ತಿರುಗಿ ಬಂದವು. 3.11ಕ್ಕೆ ಅಂತ ಕಂಪೈಲ್ ಆದದ್ದು 3.12ರಲ್ಲಿ ಕೂರುವುದಿಲ್ಲ. ಹಳೇ ಲೈಬ್ರರಿಗಳನ್ನು ಜೋಪಾನವಾಗಿ ಉಳಿಸಿಕೊಟ್ಟ ಪರ್ಸಿಸ್ಟ್ ಫೋಲ್ಡರೇ ಇಲ್ಲಿ ತೊಡಕಾಯಿತು. ಒಂದು ಕೆಲಸದ ಲೈಬ್ರರಿಗಳನ್ನು ಬೇರೆಯಾಗಿ ಇಡುವ ವರ್ಚುವಲ್ ಎನ್ವಿರಾನ್‌ಮೆಂಟ್ ಒಂದನ್ನು ಮಾಡಿಕೊಂಡಿದ್ದೆ, ಅದೂ ಕೈಕೊಟ್ಟಿತು. ಅದು ತನ್ನ ತಾಯಿ ಪೈಥಾನ್ ಎಲ್ಲಿದೆ ಅಂತ ಬರೆದಿಟ್ಟುಕೊಂಡಿದ್ದು ಕರೆಂಟ್ ಫೋಲ್ಡರಿನ ವಿಳಾಸವನ್ನು. ಮನೆ ನಂಬರ್ ಅದೇ, ಒಳಗೆ ಇರುವವರು ಬೇರೆ.

ಉಳಿಸಿದ್ದು ನನ್ನ ಸೋಮಾರಿತನ. ಹಳೇ ವರ್ಷನ್‌ಗಳನ್ನು ಅಳಿಸುವ 'ಸ್ಕೂಪ್ ಕ್ಲೀನಪ್' ಅನ್ನು ನಾನು ತಿಂಗಳುಗಟ್ಟಲೆ ಓಡಿಸಿರಲಿಲ್ಲ. 3.11.5 ಅಲ್ಲೇ ಬಿದ್ದಿತ್ತು. 'ಸ್ಕೂಪ್ ರೀಸೆಟ್' ಬರೆದು ಹಳೇ ವರ್ಷನ್ ನಂಬರ್ ಕೊಟ್ಟೆ. ಬೋರ್ಡು ಹಿಂದಕ್ಕೆ ತಿರುಗಿತು, ಎಲ್ಲ ಮೊದಲಿನಂತೆ ಓಡಿತು. ಒಟ್ಟು ಹೋದದ್ದು ಮೂರು ಗಂಟೆ. ಅದರಲ್ಲಿ ಎರಡು ಮುಕ್ಕಾಲು ಗಂಟೆ ಗಾಬರಿ, ಹದಿನೈದು ನಿಮಿಷ ರಿಪೇರಿ.

ಹಾಗಾಗಿ ನೀವು ಸ್ಕೂಪ್‌ನಿಂದ ಪೈಥಾನ್ ಹಾಕಿಕೊಳ್ಳುವುದಾದರೆ, ಹಾಕಿದ ದಿನವೇ 'ಸ್ಕೂಪ್ ಹೋಲ್ಡ್ ಪೈಥಾನ್' ಅಂತ ಒಂದು ಸಾಲು ಬರೆದುಬಿಡಿ. ಬಿಡಿಸುವ ತನಕ ಅದು ಅಲುಗಾಡುವುದಿಲ್ಲ. ಇನ್ನೂ ಒಳ್ಳೆಯದು 'ವರ್ಷನ್ಸ್' ಅನ್ನುವ ಬಕೆಟ್ ಸೇರಿಸಿಕೊಳ್ಳುವುದು. ಬಕೆಟ್ ಅಂದರೆ ಯಾವ ತಂತ್ರಾಂಶ ಎಲ್ಲಿಂದ ತರಬೇಕು ಅನ್ನುವ ಚೀಟಿಗಳ ಕಟ್ಟು. ಅದು ಗಿಟ್ ಅನ್ನುವ, ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಸಲಕರಣೆಯ ಮೂಲಕ ಬರುತ್ತದೆ, ಹಾಗಾಗಿ ಮೊದಲು ಗಿಟ್ ಹಾಕಿಕೊಳ್ಳಬೇಕು. ಆ ಬಕೆಟಿನಲ್ಲಿ ಪೈಥಾನ್311 ಅಂತ ಬೇರೆಯೇ ಹೆಸರಿನಲ್ಲಿ ಸಿಗುತ್ತದೆ. ಅದು ಎಂದೂ 3.12 ಆಗುವುದಿಲ್ಲ.

ಸಣ್ಣ ಪುಟ್ಟ ಕಿರಿಕಿರಿಗಳೂ ಇವೆ. ಕ್ಲೀನಪ್ ಮಾಡದೆ ಬಿಟ್ಟರೆ ಫೋಲ್ಡರ್ ಬೆಳೆಯುತ್ತ ಹೋಗುತ್ತದೆ. ನನ್ನದು ಒಮ್ಮೆ 14 ಜಿಬಿ ಆಗಿತ್ತು, ಡಿಸ್ಕ್ ಇರುವುದೇ 256 ಜಿಬಿ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಜಾವಾದಂಥ ದೊಡ್ಡದನ್ನು ಇಳಿಸುವಾಗ ಸಿಗ್ನಲ್ ಹೋದರೆ ಮತ್ತೆ ಮೊದಲಿಂದ. ಆರಿಯಾ2 ಅನ್ನುವ ಡೌನ್‌ಲೋಡ್ ಸಲಕರಣೆ ಹಾಕಿಕೊಂಡರೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಕೆಲವು ಸಲ 'ಹ್ಯಾಶ್ ತಾಳೆಯಾಗಲಿಲ್ಲ' ಅಂತ ಹೇಳಿ ನಿಂತುಬಿಡುತ್ತದೆ. ಚೀಟಿಯಲ್ಲಿ ಬರೆದ ಗುರುತಿಗೂ ಇಳಿದು ಬಂದ ಫೈಲಿಗೂ ಹೊಂದಲಿಲ್ಲ ಅಂತ ಅರ್ಥ. ನಾನು ಒಂದು ದಿನ ಬಿಟ್ಟು ನೋಡುತ್ತೇನೆ, ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಚೀಟಿ ತಿದ್ದಿರುತ್ತಾರೆ. ಇದನ್ನು ದೋಷ ಅನ್ನಲಾರೆ. ತಾಳೆ ನೋಡದೆ ಹಾಕಿಬಿಡುವುದಕ್ಕಿಂತ ಇದು ವಾಸಿ.

ಇನ್ನೊಂದು ಕಥೆ. ಪಕ್ಕದ ಮನೆ ಹುಡುಗನ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಯೂಸರ್ ಹೆಸರನ್ನೇ ಕನ್ನಡದಲ್ಲಿ ಬರೆದಿಟ್ಟಿದ್ದರು. ಅಭಿಮಾನ ಮೆಚ್ಚಬೇಕಾದ್ದೇ. ಆದರೆ ಸ್ಕೂಪ್ ಕೂರುವುದು ಆ ಹೆಸರಿನ ಫೋಲ್ಡರಿನ ಒಳಗೆ. ಹಾದಿಯಲ್ಲಿ ಕನ್ನಡ ಅಕ್ಷರ ಕಂಡು ಒಂದೆರಡು ಹಳೇ ಸಲಕರಣೆಗಳು ಮುಗ್ಗರಿಸಿದವು. ಸ್ಕೂಪ್ ಹಾಕುವ ಮೊದಲೇ ಅದರ ಜಾಗವನ್ನು ಡಿ ಡ್ರೈವ್‌ಗೆ ಗೊತ್ತು ಮಾಡಿದರೆ ಈ ತಾಪತ್ರಯ ಇಲ್ಲ. ನಾವು ತೆಗೆದು ಮತ್ತೆ ಹಾಕಿದೆವು.

ಕನ್ನಡದ ಮಾತು ಬಂದಿದ್ದರಿಂದ ಇದನ್ನೂ ಹೇಳುತ್ತೇನೆ, ಇದಕ್ಕೂ ಸ್ಕೂಪಿಗೂ ಸಂಬಂಧವಿಲ್ಲ. ಪೈಥಾನ್‌ನಿಂದ ಕನ್ನಡವನ್ನು ಪರದೆಗೆ ಮುದ್ರಿಸಿದರೆ ಸರಿಯಾಗಿ ಹೋಗುತ್ತದೆ. ಅದನ್ನೇ ಫೈಲಿಗೆ ತಿರುಗಿಸಿದರೆ 'ಚಾರ್‌ಮ್ಯಾಪ್' ಅಂತ ಏನೋ ಹೇಳಿ ಬಿದ್ದುಹೋಗುತ್ತದೆ. ವಿಂಡೋಸ್ ಸೆಟ್ಟಿಂಗಿನಲ್ಲಿ ಪೈಥಾನ್‌ಯುಟಿಎಫ್8 ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ 1 ಅಂತ ಕೊಟ್ಟರೆ ಸರಿಹೋಗುತ್ತದೆ. ಇದಕ್ಕೆ ನಾನು ಕಳೆದುಕೊಂಡ ಭಾನುವಾರಗಳನ್ನು ಲೆಕ್ಕ ಇಟ್ಟಿಲ್ಲ.

ಬೇರೆ ದಾರಿಗಳನ್ನೂ ನೋಡಿದ್ದೇನೆ. ಚಾಕೊಲೇಟಿ ಅನ್ನುವ ಪ್ಯಾಕೇಜ್ ಮ್ಯಾನೇಜರ್ ಸ್ಕೂಪಿಗಿಂತ ಹಳೆಯದು, ಅದರಲ್ಲಿ ಸಿಗುವ ತಂತ್ರಾಂಶಗಳೂ ಜಾಸ್ತಿ. ಆದರೆ ಸಾಮಾನ್ಯವಾಗಿ ಅಡ್ಮಿನ್ ಪವರ್‌ಶೆಲ್ ಕೇಳುತ್ತದೆ, ನನ್ನ ಪಾಲಿಗೆ ಅಲ್ಲಿಗೆ ಮುಗಿಯಿತು. ವಿನ್‌ಗೆಟ್ ಅನ್ನುವ ಪ್ಯಾಕೇಜ್ ಮ್ಯಾನೇಜರ್ ಮೈಕ್ರೋಸಾಫ್ಟ್‌ನದೇ, 2021ರ ಮೇನಲ್ಲಿ 1.0 ಬಂತು, ವಿಂಡೋಸ್ 11ರಲ್ಲಿ ಮೊದಲೇ ಇರುತ್ತದೆ. ಅದು ಮೂಲ ಇನ್‌ಸ್ಟಾಲರನ್ನೇ ಸದ್ದಿಲ್ಲದೆ ಓಡಿಸುತ್ತದೆ. ಅಲ್ಲಿ ಪೈಥಾನ್ 3.11, 3.12 ಬೇರೆ ಬೇರೆ ಹೆಸರಿನ ಪ್ಯಾಕೇಜುಗಳು. ಹಾಗಾಗಿ ನನಗೆ ದಸರಾದಲ್ಲಿ ಆದ ಫಜೀತಿ ಅಲ್ಲಿ ಆಗುವುದಿಲ್ಲ. ಮನೆಯಲ್ಲಿ ಸ್ವಂತ ಕಂಪ್ಯೂಟರ್, ಒಂದೇ ಒಂದು ಪೈಥಾನ್ ಸಾಕು ಅನ್ನುವವರಿಗೆ ನಾನು ಹೇಳುವುದು ವಿನ್‌ಗೆಟ್‌ನ್ನೇ. ಸ್ಕೂಪನ್ನು ಇಷ್ಟು ಹೊಗಳಿ ಹೀಗಂದರೆ ಅಕ್ಕನ ಮಗನಿಗೆ ಸಿಟ್ಟು ಬರುತ್ತದೆ, ಬರಲಿ.

ನಿಜ ಹೇಳಬೇಕೆಂದರೆ ನಾನೇ ಈಗ ಪೈಥಾನನ್ನು ನೇರವಾಗಿ ಸ್ಕೂಪ್‌ನಿಂದ ಹಾಕುವುದನ್ನು ಬಿಟ್ಟಿದ್ದೇನೆ. 2024ರಲ್ಲಿ ಆಸ್ಟ್ರಲ್ ಅನ್ನುವ ಕಂಪನಿಯವರ ಯುವಿ ಬಂತು, ಪೈಥಾನನ್ನೂ ಅದರ ಲೈಬ್ರರಿಗಳನ್ನೂ ನೋಡಿಕೊಳ್ಳುವ ಸಲಕರಣೆ. ಸ್ಕೂಪ್‌ನಿಂದ ಯುವಿ ಹಾಕಿಕೊಳ್ಳುತ್ತೇನೆ, ಯುವಿ ಪೈಥಾನ್ ತಂದುಕೊಡುತ್ತದೆ. ಒಂದೊಂದು ಕೆಲಸಕ್ಕೆ ಬೇಕಾದ ಪೈಥಾನ್ ಆ ಕೆಲಸಕ್ಕೇ ಕಟ್ಟುಬಿದ್ದಿರುತ್ತದೆ, ಯಾವ ಬೋರ್ಡು ತಿರುಗಿದರೂ ಅಲುಗದು. ಅದಕ್ಕೂ ಪಾಸ್‌ವರ್ಡ್ ಬೇಡ. ಉಳಿದದ್ದೆಲ್ಲ, ಅಂದರೆ ಗಿಟ್, ಪ್ಯಾಂಡಾಕ್, ಸೆವೆನ್‌ಜಿಪ್, ಎಫ್‌ಎಫ್‌ಎಂಪೆಗ್, ಈಗಲೂ ಸ್ಕೂಪೇ ನೋಡಿಕೊಳ್ಳುತ್ತದೆ. ಅವಕ್ಕೆ ಹೊಸ ವರ್ಷನ್ ಬಂದರೆ ನನಗೆ ಇದುವರೆಗೂ ಏನೂ ಕೆಟ್ಟಿಲ್ಲ. ಪೈಥಾನ್‌ಗೆ ಐದರಲ್ಲಿ ಎರಡೂವರೆ ಕೊಡುತ್ತೇನೆ, ಇವಕ್ಕೆ ಐದಕ್ಕೆ ಐದು.

ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದರಿಂದ ಆಫೀಸಿಗೆ ಹೊಸ ಕಂಪ್ಯೂಟರ್ ಬಂತು. ಹಳೆಯದರಲ್ಲಿ 'ಸ್ಕೂಪ್ ಎಕ್ಸ್‌ಪೋರ್ಟ್' ಮಾಡಿ ಸಿಕ್ಕ ಪಟ್ಟಿಯನ್ನು ಪೆನ್‌ಡ್ರೈವಿನಲ್ಲಿ ಒಯ್ದು ಹೊಸದರಲ್ಲಿ 'ಸ್ಕೂಪ್ ಇಂಪೋರ್ಟ್' ಅಂದೆ. ಊಟ ಮುಗಿಸಿ ಬರುವಷ್ಟರಲ್ಲಿ ಎಲ್ಲ ಕೂತಿತ್ತು. ರಿಪೇರಿಯವರು ಆ ವಾರ ನಿಜವಾಗಿಯೂ ಬಂದರು. ಪರದೆ ನೋಡಿ, "ಇದನ್ನೆಲ್ಲ ಯಾರು ಹಾಕಿಕೊಟ್ರೀ ಸರ್, ಪಾಸ್‌ವರ್ಡ್ ನನ್ ಹತ್ರ ಐತಲ್ಲ?" ಅಂದರು.